ನಳಿಗೆಯೊಳಗಿನ ನೆರಳು

ಚುನಾವಣೆ ಬಂತು ಅಂದ್ರೆ ನಮ್ಮ ಕಡೆಯ ತೋಟದ ಮನೆಗಳಿಗೆ ಒಂದು ಕೆಲಸ ತಪ್ಪುವುದಿಲ್ಲ. ಲೈಸೆನ್ಸ್ ಇರುವ ಕೋವಿಯನ್ನು ಠಾಣೆಗೆ ಕೊಟ್ಟು ರಸೀದಿ ತರಬೇಕು, ಎಲ್ಲ ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಲ ಹಾಗೆ ವಾಪಸ್ ಬಂದ ನಮ್ಮ ಜೋಡುನಳಿಗೆಯ ಮೈಮೇಲೆಲ್ಲ ಕೆಂಪು ಚುಕ್ಕೆ ಎದ್ದಿತ್ತು. ಮುಂಗಾರು ಆಗಷ್ಟೇ ಹಿಡಿದಿತ್ತು. ಅಪ್ಪ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು, ಪೇಟೆಯ ಕೋವಿ ರಿಪೇರಿ ಆಚಾರ್ರ ಅಂಗಡಿಗೆ ಹೋದರು.

ತುಕ್ಕು ತೆಗೆಸಿಕೊಂಡು ಕತ್ತಲಾಗುವುದರೊಳಗೆ ಮನೆ ಸೇರುವುದು ಅಪ್ಪನ ಲೆಕ್ಕ. ಆಚಾರ್ರು ತುಕ್ಕಿನ ಕಡೆ ನೋಡಲೇ ಇಲ್ಲ. ಕೋವಿ ಬಿಚ್ಚಿ, ನಳಿಗೆಗಳ ಜೋಡಿಯನ್ನು ಅಡಿಯ ಕೊಕ್ಕೆಯಲ್ಲಿ ಒಂದು ಬೆರಳಿಗೆ ನೇತುಹಾಕಿಕೊಂಡು, ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ದೇವಸ್ಥಾನದ ಚಿಕ್ಕ ಗಂಟೆಯ ಹಾಗೆ ಸದ್ದು ಎದ್ದು, ನಿಧಾನಕ್ಕೆ ಕರಗಿತು. ಅವರು ತಲೆಯಾಡಿಸಿದರು.

ಸಂತೆಯಲ್ಲಿ ಮಡಕೆ ಕೊಳ್ಳುವವರು ತಟ್ಟಿ ನೋಡುತ್ತಾರಲ್ವಾ, ಇದೂ ಅದೇ ವಿದ್ಯೆ. ಜೋಡುನಳಿಗೆಯಲ್ಲಿ ಎರಡು ಕೊಳವೆಗಳನ್ನು ನಡುವಿನ ಪಟ್ಟಿಗಳ ಜೊತೆ ಬೆಸುಗೆ ಹಾಕಿ ಒಂದು ಮಾಡಿರುತ್ತಾರೆ. ಬೆಸುಗೆ ಎಲ್ಲೂ ಬಿಡದಿದ್ದರೆ ಅಷ್ಟೂ ಲೋಹ ಒಂದೇ ಮೈಯಾಗಿ ಅದುರುತ್ತದೆ, ಸದ್ದು ಬಹಳ ಹೊತ್ತು ಉಳಿಯುತ್ತದೆ. ಎಲ್ಲಾದರೂ ಒಂದಿಂಚು ಬಿಟ್ಟಿದ್ದರೆ ಆ ಸಡಿಲು ಅಂಚು ಪಕ್ಕದ ಲೋಹಕ್ಕೆ ಉಜ್ಜಿ ಅದುರನ್ನು ನುಂಗಿಬಿಡುತ್ತದೆ. ಆಗ ಬರುವುದು ಬಿರುಕು ಮಡಕೆಯ ಒಡಕು ಸದ್ದು. ಪಟ್ಟಿಯ ಕೆಳಗೆ ಕಣ್ಣಿಗೆ ಕಾಣದೆ ನಡೆದಿರುವುದನ್ನು ಕಿವಿ ಹೇಳುತ್ತದೆ.

ಆಮೇಲೆ ಅವರು ನಳಿಗೆಯೊಳಕ್ಕೆ ಬಟ್ಟೆ ಹಾಯಿಸಿ, ಅದನ್ನು ಕಿಟಕಿಯ ಕಡೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದರು. ನಿಧಾನಕ್ಕೆ ತಿರುಗಿಸಿದರು. ಮತ್ತೆ ತಿರುಗಿಸಿದರು. ನನಗೆ ಕುತೂಹಲ ತಡೆಯಲಾಗಲಿಲ್ಲ. "ಬಾ ಮಗಾ, ನೋಡು" ಅಂತ ನನ್ನ ಕೈಗೇ ಕೊಟ್ಟರು. ನನಗೆ ಕಂಡದ್ದು ಹೊಳೆಯುವ ಒಂದಷ್ಟು ಬಳೆಗಳು, ಆ ತುದಿಯಲ್ಲಿ ಒಂದು ಬಿಳಿ ಬೊಟ್ಟು. "ಕಿಟಕಿಯ ಅಡ್ಡಪಟ್ಟಿಯ ನೆರಳು ಒಳಗೆ ಬಿದ್ದಿದೆ, ಅದರ ಅಂಚು ಹಿಡಿದುಕೊಂಡು ಹೋಗು" ಅಂದರು. ಎಷ್ಟು ನೋಡಿದರೂ ನನಗೆ ಆ ಅಂಚು ಸಿಗಲಿಲ್ಲ.

ಆ ನೆರಳಿನ ಬಗ್ಗೆ ಆಮೇಲೆ ಓದಿದಷ್ಟೂ ಅವರ ಕಣ್ಣಿನ ಮೇಲೆ ನನ್ನ ಗೌರವ ಜಾಸ್ತಿಯಾಗಿದೆ.

ಹಳೇ ಮನೆಯ ರೆಡ್ ಆಕ್ಸೈಡ್ ನೆಲ ನೆನಪಿಸಿಕೊಳ್ಳಿ. ನಿಮ್ಮ ಕಾಲಬುಡದಲ್ಲಿ ಅದು ಬರೀ ಕೆಂಪು ನೆಲ. ಅದೇ ದೂರದ ಬಾಗಿಲ ಕಡೆ ನೋಡಿದರೆ ನೆಲದ ಮೇಲೆ ಬಾಗಿಲಿನ ಬಿಂಬ ಬಿದ್ದಿರುತ್ತದೆ. ಬೆಳಕು ಓರೆಯಾಗಿ, ನೆಲವನ್ನು ಸವರಿಕೊಂಡು ಬಂದಷ್ಟೂ ಅದು ಚೆನ್ನಾಗಿ ಪ್ರತಿಫಲಿಸುತ್ತದೆ. ನಳಿಗೆಯೊಳಗೆ ನಡೆಯುವುದೂ ಇದೇ. ಎಪ್ಪತ್ತು ಸೆಂಟಿಮೀಟರಿನಷ್ಟು ಉದ್ದದ ಕೊಳವೆಯನ್ನು ತುದಿಯಿಂದ ನೋಡಿದಾಗ ಇಡೀ ಒಳಗೋಡೆಯೇ ಕನ್ನಡಿ. ಕಿಟಕಿಯ ಅಡ್ಡಪಟ್ಟಿ ಅದರಲ್ಲಿ ಉದ್ದದ ಕಪ್ಪು ನೆರಳಾಗಿ ಚಾಚಿಕೊಳ್ಳುತ್ತದೆ. ಕೊಳವೆ ನೇರವಾಗಿದ್ದರೆ ನೆರಳಿನ ಅಂಚೂ ನೇರ. ಎಲ್ಲಾದರೂ ಡೊಂಕಿದ್ದರೆ ಅಂಚು ಅಲ್ಲೇ ಸೊಟ್ಟಗಾಗುತ್ತದೆ.

ಇದರಲ್ಲಿ ಎರಡು ವಿಷಯ ಕಣ್ಣಿಗೆ ನೆರವಾಗುತ್ತವೆ. ಕನ್ನಡಿ ಒಂದು ಪಾಲು ವಾಲಿದರೆ ಅದರಿಂದ ಹೊರಟ ಕಿರಣ ಎರಡು ಪಾಲು ವಾಲುತ್ತದೆ, ಹಾಗಾಗಿ ತಪ್ಪು ಅಲ್ಲೇ ದುಪ್ಪಟ್ಟು. ಅದರ ಜೊತೆಗೆ ಅಷ್ಟುದ್ದದ ಗೋಡೆ ಕಣ್ಣಿಗೆ ಒಂದು ಪುಟ್ಟ ವೃತ್ತದೊಳಗೆ ಒತ್ತಿಕೊಂಡು ಕಾಣುತ್ತದೆ. ಹಲಗೆ ನೇರ ಇದೆಯೋ ಇಲ್ಲವೋ ಅಂತ ಬಡಗಿ ಒಂದು ಕಣ್ಣು ಮುಚ್ಚಿ ಅಂಚಿನ ಮೇಲೆ ನೋಡುವುದೂ ಇದಕ್ಕೇ. ಉದ್ದದಲ್ಲಿ ಹರಡಿಹೋದ ಸಣ್ಣ ಬಾಗು ಹೀಗೆ ಒಟ್ಟುಗೂಡಿದಾಗ ಎದ್ದು ಕಾಣುತ್ತದೆ. ಈ ವಿದ್ಯೆ ಬರುವ ಮೊದಲು ನಳಿಗೆಯೊಳಗೆ ಸಣ್ಣ ತಂತಿಯನ್ನು ಬಿಲ್ಲಿನ ಹೆದೆಯಂತೆ ಬಿಗಿದು, ಗೋಡೆಗೆ ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಅಂತ ನೋಡುತ್ತಿದ್ದರು. ಆಮೇಲೆ ನೆರಳನ್ನೇ ಓದುವವರು ಬಂದರು. 19ನೇ ಶತಮಾನದ ಇಂಗ್ಲೆಂಡಿನ ಕೋವಿ ಪೇಟೆಯಲ್ಲಿ ನಳಿಗೆ ನೇರ ಮಾಡುವುದೇ ಕೆಲವರ ಪೂರ್ತಿ ಕಸುಬು. ನೋಡುವುದು, ಸುತ್ತಿಗೆಯಿಂದ ಒಂದು ಏಟು ಹಾಕುವುದು, ಮತ್ತೆ ನೋಡುವುದು.

ಆಚಾರ್ರು ಕೊನೆಗೆ ನಳಿಗೆಯ ಅಡಿಯನ್ನು ತಿರುಗಿಸಿ, ಅಲ್ಲಿದ್ದ ಮುದ್ರೆ ತೋರಿಸಿದರು. ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಅಂತ ಮೂರು ಅಕ್ಷರ. "ಬೆಲ್ಜಿಯಂ ಕೋವಿ, ಗೌಡ್ರೇ. ಕರಿಮದ್ದಿನ ಕಾಲದ್ದು. ಇದಕ್ಕೆ ಇನ್ನು ಈಗಿನ ತೋಟೆ ಹಾಕಬೇಡಿ."

"ಇಷ್ಟು ವರ್ಷ ಹಾಕಿದ್ದೀವಿ, ಏನೂ ಆಗಿಲ್ಲವಲ್ಲ ಆಚಾರ್ರೇ."

"ಆಗೋದು ಒಂದೇ ಸಲ."

ಅಪ್ಪ ಮತ್ತೆ ಮಾತಾಡಲಿಲ್ಲ.

ಆ ಮುದ್ರೆ ಲಿಯೇಜ್ ಊರಿನ ಪರೀಕ್ಷಾಲಯದ್ದು. ಕೋವಿ ಮಾರುವ ಮೊದಲು ಅದಕ್ಕೆ ಬೇಕೆಂದೇ ಹೆಚ್ಚು ಮದ್ದು ತುಂಬಿ ದೂರದಿಂದ ಹಾರಿಸಿ ನೋಡುವ ಪದ್ಧತಿ ಯುರೋಪಿನಲ್ಲಿ ಬಹಳ ಹಳೆಯದು. ಲಂಡನ್ನಿನ ಕೋವಿ ಕಮ್ಮಾರರ ಸಂಘಕ್ಕೆ ರಾಜನ ಸನ್ನದು ಸಿಕ್ಕಿದ್ದು 1637ರಲ್ಲಿ, ಲಿಯೇಜ್‌ನಲ್ಲಿ ಪರೀಕ್ಷೆಯ ಕಟ್ಟಳೆ ಬಂದದ್ದು 1672ರಲ್ಲಿ, ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ ಶುರುವಾದದ್ದು 1813ರಲ್ಲಿ. ಸಿಡಿಯದೆ ಉಳಿದ ನಳಿಗೆಗೆ ಮಾತ್ರ ಮುದ್ರೆ. ಆದರೆ ಮುದ್ರೆ ಹೇಳುವುದು ಆ ಕಾಲದ ಮದ್ದಿನ ಲೆಕ್ಕ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆ ಬಾರದ ಮದ್ದು ಕಂಡುಹಿಡಿದ ಮೇಲೆ ಲೆಕ್ಕವೇ ಬದಲಾಯಿತು. ಕರಿಮದ್ದಿನ ಒತ್ತಡ ಬುಡದಲ್ಲೇ ಏರಿ ಬೇಗ ಇಳಿಯುತ್ತದೆ. ಹೊಸ ಮದ್ದು ಉರಿಯುವ ರೀತಿ ಬೇರೆ, ಅದರ ಒತ್ತಡ ನಳಿಗೆಯಲ್ಲಿ ಇನ್ನಷ್ಟು ಮುಂದಿನವರೆಗೂ ಇರುತ್ತದೆ. ಹಳೇ ನಳಿಗೆಯ ಗೋಡೆ ತೆಳ್ಳಗಾಗುವುದು ಸರಿಯಾಗಿ ಅಲ್ಲೇ.

ನಮ್ಮದರಲ್ಲಿ ಇನ್ನೊಂದು ತೊಡಕೂ ಇತ್ತು. ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಕಾಯಿಸಿ, ಹಗ್ಗ ಹೊಸೆದ ಹಾಗೆ ಹೊಸೆದು, ಅಂಥ ಎರಡು ಮೂರು ಎಳೆ ಸೇರಿಸಿ ಪಟ್ಟಿ ಮಾಡಿ, ಆ ಪಟ್ಟಿಯನ್ನು ಒಂದು ಸರಳಿಗೆ ಬಳ್ಳಿಯಂತೆ ಸುತ್ತಿ, ಬೆಳ್ಳಗೆ ಕಾದಿದ್ದಾಗಲೇ ಬಡಿದು ಬೆಸೆಯುತ್ತಿದ್ದರು. ಲಿಯೇಜ್ ಪಕ್ಕದ ವೆಸ್ಡ್ರ್ ಹೊಳೆಯ ಕಣಿವೆಯಲ್ಲಿ ಊರೂರೇ ಈ ಕೆಲಸ ಮಾಡುತ್ತಿದ್ದವು. ನೋಡಲು ಅಷ್ಟು ಚೆಂದದ ಲೋಹ ಇನ್ನೊಂದಿಲ್ಲ. ಆದರೆ ಬುಡದಿಂದ ತುದಿಯವರೆಗೆ ಅದು ಬೆಸುಗೆಯೇ. ನೂರು ವರ್ಷದಲ್ಲಿ ಯಾವ ಬೆಸುಗೆಯ ಸಂದಿನಲ್ಲಿ ತುಕ್ಕು ಹೊಕ್ಕಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ತಟ್ಟಿದರೆ ಗಂಟೆಯ ಸದ್ದು ಬಂದಿತ್ತು, ನಿಜ. ಆದರೆ ಆ ಸದ್ದು ಹೇಳುವುದು ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆಯ ಮಾತನ್ನು ಮಾತ್ರ.

ಒತ್ತಡ ಎಷ್ಟಿರಬಹುದು? ಮೊದಲು ಹನ್ನೆರಡು ಬೋರ್ ಅನ್ನುವುದರ ಅರ್ಥ ನೋಡೋಣ, ಮಲೆನಾಡಿನಲ್ಲಿ ಜಾಸ್ತಿ ಇರುವುದು ಅದೇ. ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ ಹನ್ನೆರಡು ಗುಂಡು ಎರೆದರೆ, ಅದರಲ್ಲಿ ಒಂದು ಗುಂಡು ಸರಿಯಾಗಿ ಕೂರುವ ನಳಿಗೆ ಹನ್ನೆರಡು ಬೋರ್. ಅಗಲ ಸುಮಾರು 18.5 ಮಿಲಿಮೀಟರ್. ಈಗಿನ ಸಾದಾ ಹನ್ನೆರಡು ಬೋರ್ ತೋಟೆಗೆ ಯುರೋಪಿನಲ್ಲಿ ಇಟ್ಟಿರುವ ಒತ್ತಡದ ಮಿತಿ 740 ಬಾರ್. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ತೋಟೆಯ ಬುಡದ ವಿಸ್ತೀರ್ಣಕ್ಕೆ ಗುಣಿಸಿದರೆ ಈಡಾದ ಆ ಕ್ಷಣ ಹಿಂದಿನ ಉಕ್ಕಿನ ಗೋಡೆಯ ಮೇಲೆ ಎರಡು ಟನ್ನಿಗೂ ಮೀರಿದ ಭಾರ ಬೀಳಬಹುದು. ಹೆಚ್ಚುಕಡಿಮೆ ಒಂದು ಹೆಣ್ಣಾನೆ. ಹಾರಿಸುವವರ ಕೆನ್ನೆ ಇರುವುದು ಅದರಿಂದ ಒಂದು ಗೇಣು ದೂರದಲ್ಲಿ.

ನಳಿಗೆ ಮತ್ತು ಆ ಹಿಂದಿನ ಗೋಡೆ ಒಂದಕ್ಕೊಂದು ಎಷ್ಟು ಬಿಗಿಯಾಗಿ ಕೂರಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಸಂದು ಉಳಿದರೆ ಪ್ರತಿ ಈಡಿಗೂ ಆನೆ ಒಂದು ಹೆಜ್ಜೆ ಓಡಿ ಬಂದು ಗುದ್ದಿದ ಹಾಗೆ. ಸಂದು ಇನ್ನಷ್ಟು ಅಗಲವಾಗುತ್ತಾ ಹೋಗುತ್ತದೆ. ಈ ಬಿಗಿ ತರುವುದಕ್ಕೆ ಲಂಡನ್ನಿನ ದುಬಾರಿ ಕೋವಿ ಮಾಡುವವರೂ, ನಮ್ಮ ಆಚಾರ್ರೂ ಬಳಸುವುದು ಒಂದೇ ಸಾಮಾನು: ಸೀಮೆಎಣ್ಣೆ ಬುಡ್ಡಿ. ಲೋಹದ ತುಂಡನ್ನು ಹೊಗೆಯುವ ಬತ್ತಿಯ ಮೇಲೆ ಹಿಡಿದು ಮಸಿ ಕೂರಿಸುತ್ತಾರೆ. ಜಾಗಕ್ಕೆ ಸೇರಿಸಿ, ಮುಚ್ಚಿ, ತೆಗೆಯುತ್ತಾರೆ. ಎಲ್ಲಿ ಮುಟ್ಟಿತೋ ಅಲ್ಲಿ ಮಸಿ ಅಳಿಸಿ ಲೋಹ ಹೊಳೆಯುತ್ತದೆ. ಆ ಹೊಳೆಯುವ ಜಾಗಕ್ಕೆ ಮಾತ್ರ ಅರ ತಾಗಿಸುತ್ತಾರೆ, ಒಂದೇ ಒಂದು ಸಲ. ಮತ್ತೆ ಮಸಿ. ಮಸಿಯ ಪದರ ತಲೆಗೂದಲಿಗಿಂತ ಎಷ್ಟೋ ತೆಳು, ಅದಕ್ಕೇ ಅದು ತೋರಿಸುವ ತಪ್ಪೂ ಅಷ್ಟೇ ಸಣ್ಣದು. ಮೊದಲು ಎರಡು ಮೂರು ಚುಕ್ಕೆ ಹೊಳೆಯುತ್ತವೆ, ಆಮೇಲೆ ಹತ್ತು, ಕೊನೆಗೆ ಇಡೀ ಮೇಲ್ಮೈ. ಅವಸರದಲ್ಲಿ ಒಂದು ಅರ ಜಾಸ್ತಿ ಎಳೆದರೆ ಹೋದ ಲೋಹ ವಾಪಸ್ ಬರುವುದಿಲ್ಲ.

ಅಂಗಡಿಯ ಮೂಲೆಯಲ್ಲಿ ಆಚಾರ್ರ ಅಕ್ಕನ ಮಗ ಒಂದು ಕಬ್ಬಿಣದ ತುಂಡಿಗೆ ಅರ ಹಾಕುತ್ತಾ ಕೂತಿದ್ದ. ಕೋವಿಯ ಭಾಗ ಏನೂ ಅಲ್ಲ, ಸುಮ್ನೆ ಒಂದು ತುಂಡು. ಆರು ಮುಖವೂ ಸಪಾಟಾಗಬೇಕು, ಮೂಲೆಯೆಲ್ಲ ಮೂಲೆಮಟ್ಟಕ್ಕೆ ಕೂರಬೇಕು. ಎಷ್ಟು ದಿನದಿಂದ ಅಂತ ಕೇಳಿದೆ. "ಇದು ನಾಲ್ಕನೇ ತುಂಡು" ಅಂದ. ಕೈ ಯಾವಾಗಲೂ ತೊಟ್ಟಿಲ ಹಾಗೆ ತೂಗುತ್ತದೆ, ಅದರಿಂದ ಅರದ ಕೆಳಗೆ ಅಂಚು ಸವೆದು ನಡು ಉಬ್ಬುತ್ತದೆ. ಆ ತೂಗಾಟ ಬಿಡಿಸಲು ತಿಂಗಳುಗಳು ಬೇಕು. ಲಂಡನ್ನಿನಲ್ಲಿ 1814ರಿಂದ ನಡೆದು ಬಂದಿರುವ ಪರ್ಡೀ ಅಂಥ ಕೋವಿ ಕಂಪನಿಗಳಲ್ಲಿ ನಳಿಗೆಯವರೇ ಬೇರೆ, ಮರದ ಹಿಡಿಯವರೇ ಬೇರೆ, ಕೆತ್ತನೆಯವರೇ ಬೇರೆ, ಒಂದೊಂದನ್ನೂ ವರ್ಷಗಟ್ಟಲೆ ಕಲಿಯುತ್ತಾರೆ. ಆಸ್ಟ್ರಿಯಾದ ಫೆರ್ಲಾಕ್ ಎಂಬ ಪುಟ್ಟ ಊರಲ್ಲಿ ಇದಕ್ಕೆಂದೇ 1878ರಲ್ಲಿ ಶಾಲೆ ತೆರೆದರು. ನಮ್ಮಲ್ಲಿ ಬಿಹಾರದ ಮುಂಗೇರ್‌ಗೆ ಈ ಕಸುಬಿನ ಹೆಸರು ಬಂದದ್ದು 1760ರ ದಶಕದಲ್ಲಿ, ಬಂಗಾಳದ ನವಾಬ ಮೀರ್ ಕಾಸಿಮ್ ತನ್ನ ರಾಜಧಾನಿಯನ್ನು ಅಲ್ಲಿಗೆ ತಂದು ಕೋವಿ ಕಾರ್ಖಾನೆ ಹಾಕಿಸಿದಾಗ. ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಯ ಕೋವಿಗಳು ಹುಲಿಪಟ್ಟೆಯ ಅಲಂಕಾರ ಹೊತ್ತು ಇಂದು ವಿದೇಶದ ಮ್ಯೂಸಿಯಂಗಳಲ್ಲಿವೆ. ಅವನ್ನು ಮಾಡಿದ ಕೈಗಳ ವಿದ್ಯೆ ಶಾಲೆಯಾಗಿ ಉಳಿಯಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ. ಈಗ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೋವಿ ಮಾಡುವುದಕ್ಕಷ್ಟೇ ಅಲ್ಲ, ರಿಪೇರಿಗೂ ಲೈಸೆನ್ಸ್ ಬೇಕು. ಅದು ಸರಿಯೇ. ಹಾಗಾಗಿ ಈ ವಿದ್ಯೆ ಲೈಸೆನ್ಸ್ ಇರುವ ಅಂಗಡಿಗಳ ಒಳಗೇ, ಮಾವನಿಂದ ಅಳಿಯನಿಗೆ, ಮೆಲ್ಲಗೆ ದಾಟಬೇಕು.

ತುಕ್ಕಿನ ಕಥೆ ಹೇಳದೆ ಬಿಟ್ಟೆ. ಅವತ್ತು ಅಂಗಡಿಯ ಹಿಂದೆ ಉದ್ದನೆಯ ತಗಡಿನ ತೊಟ್ಟಿಯಲ್ಲಿ ನೀರು ಕುದಿಯುತ್ತಿತ್ತು. ಸೆಪ್ಟೆಂಬರಿನ ಕೈಲ್‌ಪೊಳ್ದ್‌ಗೆ ಕೊಡಗಿನ ಮನೆಗಳಲ್ಲಿ ಕೋವಿ ಪೂಜೆಗೆ ಇಡುತ್ತಾರೆ, ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸುತ್ತಾರೆ. ಅದಕ್ಕೆ ಈಗಿಂದಲೇ ಕೆಲಸ ಬರುತ್ತಿತ್ತು. ಹುಡುಗ ಒಂದು ನಳಿಗೆ ತಂದ. ಮೈಯೆಲ್ಲ ಇಟ್ಟಿಗೆ ಬಣ್ಣದ ತುಕ್ಕು, ಅದೂ ಬೇಕೆಂದೇ ಹಿಡಿಸಿದ್ದು. ಅದನ್ನು ಕುದಿಯುವ ನೀರಿಗೆ ಇಳಿಸಿದ. ಸ್ವಲ್ಪ ಹೊತ್ತಿಗೆ ಎತ್ತಿದರೆ ಕೆಂಪು ಹೋಗಿ, ಮೈ ಕಡುಗಪ್ಪು ಮಖಮಲ್ಲಿನ ಹಾಗಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಕೆಂಪು ತುಕ್ಕು ಸಡಿಲು ಪದರ. ಕಬ್ಬಿಣಕ್ಕಿಂತ ಜಾಸ್ತಿ ಜಾಗ ತೆಗೆದುಕೊಂಡು ಹಪ್ಪಳದ ಹಾಗೆ ಎದ್ದು ಉದುರುತ್ತದೆ, ಕೆಳಗಿನ ಲೋಹ ಮತ್ತೆ ಗಾಳಿಗೆ ಬೀಳುತ್ತದೆ. ಕುದಿಸಿದಾಗ ಅದು ಮ್ಯಾಗ್ನೆಟೈಟ್ ಆಗುತ್ತದೆ. ಅದೂ ಕಬ್ಬಿಣ ಮತ್ತು ಆಮ್ಲಜನಕವೇ, ಲೆಕ್ಕ ಮಾತ್ರ ಬೇರೆ. ಇದು ಲೋಹವನ್ನು ಕಚ್ಚಿಕೊಂಡು ಕೂರುತ್ತದೆ, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಡಿಲಾಗಿ ಉಳಿದದ್ದನ್ನು ತಂತಿ ಬ್ರಷ್‌ನಿಂದ ಉಜ್ಜಿ, ಮತ್ತೆ ತುಕ್ಕು ಹಿಡಿಸಿ, ಮತ್ತೆ ಕುದಿಸಿ, ಹೀಗೆ ಹಲವು ಸುತ್ತು. ಕಾಸ್ಟಿಕ್ ಸೋಡ ಹಾಕಿದ ಬಿಸಿ ದ್ರಾವಣದಲ್ಲಿ ಒಂದೇ ಸಲಕ್ಕೆ ಕಪ್ಪು ಮಾಡುವ ದಾರಿಯೂ ಇದೆ. ಆದರೆ ಜೋಡುನಳಿಗೆಗೆ ಅದು ಆಗದು. ಕಾಸ್ಟಿಕ್ ಪಟ್ಟಿಯ ಸಂದಿಗೆ ಇಳಿದು ಬೆಸುಗೆಯನ್ನೇ ತಿನ್ನುತ್ತದೆ.

ಕೋವಿ ತೊಳೆಯಲು ನಮ್ಮ ತಾತ ಎಣ್ಣೆಗಿಂತ ಮೊದಲು ಬಿಸಿನೀರು ಹಾಕುತ್ತಿದ್ದದ್ದು ಯಾಕೆ ಅನ್ನುವುದೂ ಅವತ್ತೇ ಗೊತ್ತಾಯಿತು. ಮದ್ದಿಗೆ ಕಿಡಿ ಕೊಡುವ ಹಳೇ ಕೇಪು ಸಿಡಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಜಾಡಿ ನೀರೊಡೆಯುವ ಹಾಗೆ ಇದೂ ಗಾಳಿಯ ತೇವ ಎಳೆಯುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ನೀರಿನಲ್ಲಿ ಮಾತ್ರ ಕರಗುತ್ತದೆ.

ನಮ್ಮ ಕೋವಿಯನ್ನು ಆಚಾರ್ರು ಎರಡು ವಾರ ಇಟ್ಟುಕೊಂಡರು. ವಾಪಸ್ ಬಂದಾಗ ನಳಿಗೆಯ ಮೈಮೇಲೆ ಕರಿ ಬಿಳಿ ಸುರುಳಿಗಳು ಎದ್ದಿದ್ದವು, ಗುಂಗುರು ಕೂದಲಿನ ಹಾಗೆ. ಕಬ್ಬಿಣ ಒಂದು ಬಣ್ಣಕ್ಕೆ ತಿರುಗಿತ್ತು, ಉಕ್ಕು ಇನ್ನೊಂದು ಬಣ್ಣಕ್ಕೆ. ನೂರು ವರ್ಷದ ಹಿಂದೆ ಯಾರೋ ಹೊಸೆದ ಎಳೆಗಳು ಒಂದೊಂದೂ ಲೆಕ್ಕಕ್ಕೆ ಸಿಗುತ್ತಿದ್ದವು. ಅಪ್ಪ ಅದಕ್ಕೆ ಮತ್ತೆ ತೋಟೆ ಹಾಕಲಿಲ್ಲ. ಲೈಸೆನ್ಸ್ ಮಾತ್ರ ಇವತ್ತಿಗೂ ನವೀಕರಿಸುತ್ತೇವೆ.

ಪ್ರತಿ ವರ್ಷ ಮಳೆ ಹೊರಟ ಮೇಲೆ ಅದನ್ನು ಬಿಚ್ಚಿ ಎಣ್ಣೆ ಸವರುತ್ತೇನೆ. ಈ ಸಲವೂ ನಳಿಗೆಯನ್ನು ಬೆರಳಿಗೆ ನೇತುಹಾಕಿ ತಟ್ಟಿದೆ, ಗಂಟೆ ಮೊಳಗಿತು. ಆಮೇಲೆ ಕಿಟಕಿಯ ಕಡೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದೆ. ಬಲ ನಳಿಗೆಯಲ್ಲಿ, ತುದಿಯಿಂದ ಒಂದು ಗೇಣು ಒಳಗೆ, ನೆರಳಿನ ಅಂಚು ಸ್ವಲ್ಪವೇ ಸ್ವಲ್ಪ ಸೊಟ್ಟಗಿದೆ.