ಒತ್ತುವಷ್ಟರಲ್ಲಿ ಸರಿದುಹೋದ ಬಟನ್

ಆ್ಯಪ್, ವೆಬ್‌ಸೈಟ್‌ಗಳನ್ನು ಜನರ ಕೈಗೆ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡುವುದು ನನ್ನ ಕೆಲಸ. ನಡುವೆ ಬಾಯಿ ಹಾಕುವ ಹಾಗಿಲ್ಲ. ಸುಮ್ನೆ ನೋಡಬೇಕು, ಬರೆದುಕೊಳ್ಳಬೇಕು. ಅಲ್ಲಿ ಜಾಸ್ತಿ ಕಿವಿಗೆ ಬೀಳುವ ಮಾತು, "ನಂಗೆ ಇದೆಲ್ಲ ಬರಲ್ಲ ಬಿಡಿ." ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರೂ ಹೀಗೇ ಹೇಳುತ್ತಾರೆ. ತುಂಬ ಸಲ ತಪ್ಪು ಅವರದ್ದಾಗಿರುವುದೇ ಇಲ್ಲ.

ಎಲ್ಲರಿಗೂ ಗೊತ್ತಿರುವ ಒಂದು ಕಿರಿಕಿರಿ ತೆಗೆದುಕೊಳ್ಳಿ. ಪುಟ ತೆರೆದಿದೆ. ನಿಮಗೆ ಬೇಕಾದ ಬಟನ್ ಕಾಣುತ್ತಿದೆ, ಬೆರಳು ಅದರತ್ತ ಹೊರಟಿದೆ. ಅಷ್ಟರಲ್ಲಿ ಮೇಲೆಲ್ಲೋ ಒಂದು ಜಾಹೀರಾತು ಲೋಡ್ ಆಗಿ, ಇಡೀ ಪುಟ ಕೆಳಗೆ ಜಾರುತ್ತದೆ. ಬೆರಳು ಬಿದ್ದದ್ದು ಜಾಹೀರಾತಿನ ಮೇಲೆ. ಪರದೆ ಬದಲಾದದ್ದನ್ನು ಕಣ್ಣು ಕಂಡು, ಕೈ ಅದಕ್ಕೆ ಸ್ಪಂದಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಹೊರಟ ಬೆರಳನ್ನು ಅಷ್ಟರೊಳಗೆ ತಡೆಯಲು ಯಾರಿಂದಲೂ ಆಗುವುದಿಲ್ಲ.

ಇದಕ್ಕೆ ಕಾರಣ ಬಹಳ ಸಣ್ಣದು. ಚಿತ್ರವೊಂದು ಬಂದು ಸೇರುವ ತನಕ ಅದು ಎಷ್ಟು ಎತ್ತರ ಇದೆ ಅಂತ ಬ್ರೌಸರ್‌ಗೆ ಗೊತ್ತಿರುವುದಿಲ್ಲ. ಪುಟ ಮಾಡಿದವರು ಅಗಲ, ಎತ್ತರ ಮೊದಲೇ ಬರೆದಿದ್ದರೆ ಬ್ರೌಸರ್ ಅಷ್ಟು ಜಾಗ ಖಾಲಿ ಬಿಟ್ಟು ಕಾಯುತ್ತದೆ. ಆಗ ಯಾವುದೂ ಜಾರುವುದಿಲ್ಲ. 2020ರಲ್ಲಿ ಗೂಗಲ್ ಈ ಜಾರಾಟಕ್ಕೇ ಒಂದು ಅಳತೆ ತಂದಿತು; ಆ ಅಂಕ 0.1ರ ಒಳಗಿದ್ದರೆ ಪುಟ ಚೆನ್ನಾಗಿದೆ ಅಂತ ಲೆಕ್ಕ. ಆದರೂ ಈ ಕಾಟ ತಪ್ಪಿಲ್ಲ. ಕೆಲವರದ್ದು ಸೋಮಾರಿತನ. ಇನ್ನು ಕೆಲವರಿಗೆ ಆ ತಪ್ಪು ಕ್ಲಿಕ್‌ನಿಂದ ಲಾಭ ಇದೆ ಅಂತ ನನಗೆ ಅನುಮಾನ.

ಇದೇ ಕಾಲು ಸೆಕೆಂಡನ್ನು ಗೌರವಿಸಿದವರೂ ಇದ್ದಾರೆ. ಫೈರ್‌ಫಾಕ್ಸ್ ಬ್ರೌಸರ್‌ನ ಕೆಲವು ಎಚ್ಚರಿಕೆ ಪೆಟ್ಟಿಗೆಗಳಲ್ಲಿ ಒಪ್ಪಿಗೆಯ ಬಟನ್ ಮೊದಲು ಸ್ವಲ್ಪ ಹೊತ್ತು ಮಂಕಾಗಿರುತ್ತದೆ. ಕಂಪ್ಯೂಟರ್ ನಿಧಾನವಾಗಿದೆ ಅಂದುಕೊಳ್ಳಬೇಡಿ. ಬೇರೇನೋ ಟೈಪ್ ಮಾಡುತ್ತಿದ್ದ ಕೈ ಅಚಾನಕ್ಕಾಗಿ "ಸರಿ" ಒತ್ತಿಬಿಡಬಾರದು ಅಂತ ಬೇಕೆಂದೇ ಇಟ್ಟ ತಡೆ ಅದು.

"ಖಂಡಿತ ಅಳಿಸಬೇಕೇ?" ಅಂತ ಕೇಳುವ ಪೆಟ್ಟಿಗೆಗಳ ಬಗ್ಗೆ ಮಾತ್ರ ನನಗೆ ಗೌರವ ಇಲ್ಲ. ನಾಲ್ಕಾರು ಸಲ ಎದುರಾದ ಮೇಲೆ ಯಾರೂ ಅದನ್ನು ಓದುವುದಿಲ್ಲ, ಕೈ ತಾನಾಗೇ "ಹೌದು" ಒತ್ತುತ್ತದೆ. ಕೇಳುವುದಕ್ಕಿಂತ ಮಾಡಿದ್ದನ್ನು ವಾಪಸ್ ಪಡೆಯಲು ಬಿಡುವುದು ಮೇಲು. ಜಿಮೇಲ್‌ನಲ್ಲಿ ಕಳಿಸಿದ ಪತ್ರವನ್ನು ತಡೆಯಬಹುದಲ್ವಾ? ನಿಜಕ್ಕೂ ಅಲ್ಲಿ ಪತ್ರ ಹೋಗಿಯೇ ಇರುವುದಿಲ್ಲ. ನೀವು ಆರಿಸಿದ ಹಾಗೆ 5ರಿಂದ 30 ಸೆಕೆಂಡ್ ಅದನ್ನು ಹಿಡಿದಿಟ್ಟುಕೊಂಡಿರುತ್ತಾರೆ. ಸರಳ ಉಪಾಯ, ಆದರೆ ತಪ್ಪು ಮಾಡಿದ ಮೇಲೇ ಮನುಷ್ಯನಿಗೆ ತಪ್ಪು ಕಾಣುತ್ತದೆ ಅನ್ನುವುದನ್ನು ಅರಿತವರು ಮಾಡಿದ್ದು.

ಇನ್ನು ಮುಂದೆ ಬರುವ ಸಾಧನಗಳ ವಿಷಯ. ಪರದೆಯೇ ಇಲ್ಲದಿದ್ದರೆ ಪರದೆಯ ಕಾಟವೂ ಇರುವುದಿಲ್ಲ ಅನ್ನುವ ಮಾತು ಈಗ ಜೋರಾಗಿದೆ. ನನಗೆ ನಂಬಿಕೆ ಇಲ್ಲ. ಹ್ಯೂಮೇನ್ ಕಂಪನಿ 2024ರಲ್ಲಿ ಅಂಗಿಗೆ ಸಿಕ್ಕಿಸಿಕೊಳ್ಳುವ ಎಐ ಪಿನ್ ತಂದಿತು. ಬೆಲೆ 699 ಡಾಲರ್, ಮೇಲೆ ತಿಂಗಳಿಗೆ 24 ಡಾಲರ್. ಮಾತಿನಲ್ಲೇ ಕೆಲಸ, ಬೇಕಿದ್ದರೆ ಅಂಗೈ ಮೇಲೆ ಲೇಸರ್ ಅಕ್ಷರ. 2025ರ ಫೆಬ್ರವರಿಯಲ್ಲಿ ಕಂಪನಿ ತನ್ನ ಬಹುಪಾಲು ಆಸ್ತಿಯನ್ನು ಎಚ್‌ಪಿಗೆ 11.6 ಕೋಟಿ ಡಾಲರ್‌ಗೆ ಮಾರಿತು, ಅದೇ ತಿಂಗಳ ಕೊನೆಗೆ ಪಿನ್‌ಗಳ ಸೇವೆ ನಿಂತಿತು. ಬಿಸಿಯಾಗುತ್ತದೆ, ಉತ್ತರ ತಡ ಅಂತ ವಿಮರ್ಶಕರು ಬೈದರು. ನನ್ನ ದೂರು ಬೇರೆ. ಪರದೆಯಲ್ಲಿ ಹತ್ತು ಹೆಸರಿದ್ದರೆ ಬೇಕಾದ್ದನ್ನು ಕಣ್ಣು ಕ್ಷಣದಲ್ಲಿ ಆರಿಸುತ್ತದೆ. ದನಿ ಒಂದೊಂದನ್ನೇ ಓದಬೇಕು, ನಾವು ಕಾಯಬೇಕು. ಸಾಧನಕ್ಕೆ ಏನು ಅರ್ಥವಾಯಿತು ಅನ್ನುವುದೂ ಎಷ್ಟೋ ಸಲ ಕೆಲಸ ಮುಗಿದ ಮೇಲೇ ತಿಳಿಯುವುದು.

ಕಣ್ಣಿನಿಂದ ನಡೆಸುವ ಸಾಧನಗಳಲ್ಲಿ ಇನ್ನೂ ಮಜಾ ಇದೆ. ನೋಡುವುದೇ ಒತ್ತುವುದಾದರೆ ನಿಶ್ಚಿಂತೆಯಿಂದ ಏನನ್ನೂ ನೋಡುವ ಹಾಗಿಲ್ಲ. ಅದಕ್ಕೇ ಕಣ್ಣಿಗೆ ಕಟ್ಟಿಕೊಳ್ಳುವ 2024ರ ಆ್ಯಪಲ್ ವಿಷನ್ ಪ್ರೋದಲ್ಲಿ ಕಣ್ಣು ಗುರಿ ಹಿಡಿಯುತ್ತದೆ, ಎರಡು ಬೆರಳು ಸೇರಿಸಿ ಚಿವುಟಿದಾಗಷ್ಟೇ ಒತ್ತಿದ ಹಾಗೆ. ಜಾಣ ಪರಿಹಾರ. ಆದರೆ ಕಣ್ಣಿಗೆ ಅವಸರ ಜಾಸ್ತಿ. ಬೆರಳು ಚಿವುಟುವಷ್ಟರಲ್ಲಿ ಅದು ಮುಂದಿನ ಜಾಗಕ್ಕೆ ಹೋಗಿರಬಹುದು. ಪುಟದಲ್ಲಿ ಬಟನ್ ಜಾರುತ್ತಿತ್ತು, ಇಲ್ಲಿ ಗುರಿಯೇ ಜಾರುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಬಂದ ಮೆಟಾ ರೇ-ಬ್ಯಾನ್ ಡಿಸ್‌ಪ್ಲೇ ಕನ್ನಡಕದ ಮೇಲೆ ನನಗೆ ಸ್ವಲ್ಪ ಭರವಸೆ ಇದೆ. ಜೊತೆಗೆ ಬರುವ, ಕೈಗೆ ಕಟ್ಟಿಕೊಳ್ಳುವ ಪಟ್ಟಿ ಮಣಿಕಟ್ಟಿನ ಸ್ನಾಯುಗಳ ವಿದ್ಯುತ್ ಸಂಕೇತ ಓದಿ ಬೆರಳಿನ ಸಣ್ಣ ಚಲನೆಯನ್ನು ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಲಗಣ್ಣಿನ ಗಾಜಿನಲ್ಲಿ ಪುಟ್ಟ ಪರದೆ ಇದೆ. ಸಾಧನ ತಾನು ಏನು ಮಾಡಹೊರಟಿದ್ದೇನೆ ಅಂತ ತೋರಿಸಲು ಅಷ್ಟಾದರೂ ಬೇಕು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ 2025ರ ಮೇ ತಿಂಗಳಲ್ಲಿ, ಐಫೋನ್ ವಿನ್ಯಾಸ ಮಾಡಿದ ಜೋನಿ ಐವ್ ಅವರ ಐಓ ಕಂಪನಿಯನ್ನು ಸುಮಾರು 650 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿದಾಗಿನಿಂದ, ಅಲ್ಲಿಂದ ಎಂಥ ಸಾಧನ ಬರಬಹುದು ಅಂತ ಊಹೆಗಳ ಮಳೆ. ಪರದೆ ಇಲ್ಲದ್ದೇ ಬಂದರೆ, ತಪ್ಪಾಗಿ ಕೇಳಿಸಿಕೊಂಡಾಗ ಅದನ್ನು ತಡೆಯುವುದು ಹೇಗೆ ಅನ್ನುವುದೇ ನನ್ನ ಮೊದಲ ಪ್ರಶ್ನೆ.

ನೀವೂ ಇಂಥದ್ದೊಂದನ್ನು ಕೊಳ್ಳುವ ಮೊದಲು ಪರೀಕ್ಷಿಸಿ. ಯಾರಿಗಾದರೂ ಸಂದೇಶ ಕಳಿಸಲು ಹೇಳಿ, ಅರ್ಧದಲ್ಲಿ "ಬೇಡ, ನಿಲ್ಲಿಸು" ಅನ್ನಿ. ಆಮೇಲೆ ಸಂದೇಶ ಹೋಯಿತಾ ಇಲ್ಲವಾ ಅಂತ ಆ ಸಾಧನದಿಂದಲೇ ತಿಳಿದುಕೊಳ್ಳಲು ನೋಡಿ. ಮಾರುವವರು ತೋರಿಸುವ ಡೆಮೊದಲ್ಲಿ ಈ ಭಾಗ ಇರುವುದಿಲ್ಲ.