ಕ್ಲಾರಿನೆಟ್ ಬಿಟ್ಟು ಬಸೂನ್ ಹಿಡಿದರೆ

ಅಮೆರಿಕ, ಯುರೋಪಿನ ಶಾಲಾ ಬ್ಯಾಂಡ್‌ಗಳಲ್ಲಿ ಕ್ಲಾರಿನೆಟ್ ಊದುವವರಿಗೆ ಬರವಿಲ್ಲ. ಕೆಳಗಿನ ಸ್ವರಗಳ ಉದ್ದನೆಯ ವಾದ್ಯವಾದ ಬಸೂನ್‌ಗೆ ಮಾತ್ರ ಜನ ಸಿಗುವುದು ಕಷ್ಟ. ಹಾಗಾಗಿ ಮೇಷ್ಟ್ರು ಕ್ಲಾರಿನೆಟ್ ಸಾಲಿನಿಂದಲೇ ಒಬ್ಬರನ್ನು ಎಬ್ಬಿಸಿ, ‘ನಿನಗೆ ಹೇಗೂ ಊದೋಕೆ ಬರುತ್ತೆ, ಇದನ್ನ ಹಿಡ್ಕೋ’ ಅನ್ನುವುದುಂಟು. ಕೇಳಲು ಸರಿಯಾಗೇ ಇದೆ. ಎರಡೂ ಮರದ ವಾದ್ಯ. ಎರಡರ ರೀಡ್ ಕೂಡ, ಅಂದರೆ ಊದಿದಾಗ ಕಂಪಿಸಿ ಸದ್ದು ಹುಟ್ಟಿಸುವ ತೆಳು ಪಟ್ಟಿ, ಬಿದಿರನ್ನು ಹೋಲುವ ಒಂದೇ ಹುಲ್ಲಿನದು, ಅರುಂಡೋ ಡೋನಾಕ್ಸ್.

ಮೊದಲ ದಿನ ಬೆರಳೂ ಮೋಸ ಮಾಡುವುದಿಲ್ಲ. ಕ್ಲಾರಿನೆಟ್‌ನಲ್ಲಿ ಎಡಗೈ ಹೆಬ್ಬೆರಳಿನ ಜೊತೆ ಎರಡೂ ಕೈಯ ಮೂರು ಮೂರು ಬೆರಳು ಮುಚ್ಚಿದರೆ ಹಾಳೆಯ ಮೇಲಿನ ‘ಜಿ’ ಸ್ವರ. ಬಸೂನ್‌ನಲ್ಲೂ ಆ ಆರು ಬೆರಳು ಮುಚ್ಚಿದರೆ ‘ಜಿ’. ಈಗ ಮೇಲಿನ ಸ್ಥಾಯಿಗೆ ಹೋಗಿ ನೋಡಿ. ಕ್ಲಾರಿನೆಟ್‌ನ ರಿಜಿಸ್ಟರ್ ಕೀಲಿ ಒತ್ತಿದರೆ ‘ಡಿ’ ಬರುತ್ತದೆ. ಬಸೂನ್‌ನಲ್ಲಿ ಎಡಗೈ ತೋರುಬೆರಳನ್ನು ಅರ್ಧ ಸರಿಸಿದರೆ ಮತ್ತೆ ‘ಜಿ’ಯೇ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಕೆಳಗಿನ ಸ್ವರವನ್ನು ‘ಸ’ ಅಂದುಕೊಂಡರೆ ಬಸೂನ್ ಹಾರುವುದು ಮೇಲಿನ ‘ಸ’ಗೆ. ಕ್ಲಾರಿನೆಟ್ ಅದನ್ನೂ ದಾಟಿ ಮೇಲಿನ ‘ಪ’ಗೆ ಹೋಗಿ ನಿಲ್ಲುತ್ತದೆ.

ಇದು ರೀಡ್‌ನ ಕೆಲಸ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಕ್ಲಾರಿನೆಟ್‌ಗೆ ಒಂಟಿ ರೀಡ್, ಬಸೂನ್‌ಗೆ ಜೋಡಿ ರೀಡ್, ಅದಕ್ಕೇ ಹೀಗೆ ಅಂತ. ಅಲ್ಲ. ವ್ಯತ್ಯಾಸ ಇರುವುದು ಒಳಗಿನ ರಂಧ್ರದ ಆಕಾರದಲ್ಲಿ. ಕ್ಲಾರಿನೆಟ್‌ನ ಕೊಳವೆ ಸುಮಾರು 15 ಮಿಲಿಮೀಟರ್ ಅಗಲ, ಬಹುಪಾಲು ಉದ್ದಕ್ಕೂ ಅಷ್ಟೇ. ಬಸೂನ್‌ನದು ಬಾಯಿಯ ಬಳಿ ಸುಮಾರು 4 ಮಿಲಿಮೀಟರ್. ಎರಡೂವರೆ ಮೀಟರ್ ದೂರ ನಿಧಾನಕ್ಕೆ ಹಿಗ್ಗುತ್ತಾ ಹೋಗಿ ತುದಿಯಲ್ಲಿ ಅದರ ಹತ್ತು ಪಟ್ಟು ಆಗುತ್ತದೆ. ಅಷ್ಟು ಉದ್ದದ ಕೊಳವೆ ಹಿಡಿದು ಕೂರುವುದು ಆಗದ ಮಾತು, ಅದಕ್ಕೇ ಮಧ್ಯದಲ್ಲಿ ಮಡಚಿದ್ದಾರೆ.

ಸಮ ಅಗಲದ ಕೊಳವೆಯ ಒಂದು ತುದಿಯನ್ನು ರೀಡ್ ಮುಚ್ಚಿದಂತಿದ್ದರೆ, ಅಲ್ಲಿ ಗಾಳಿಯ ಒತ್ತಡದ ಏರಿಳಿತ ಗರಿಷ್ಠ, ತೆರೆದ ತುದಿಯಲ್ಲಿ ಸುಮಾರು ಸೊನ್ನೆ. ಈ ಷರತ್ತಿಗೆ ಹೊಂದುವುದು ಮೂಲ ಕಂಪನದ 1, 3, 5 ಪಟ್ಟು ಮಾತ್ರ. ಎರಡು ಪಟ್ಟಿಗೆ ಜಾಗವೇ ಇಲ್ಲ. ಅದಕ್ಕೇ ಕ್ಲಾರಿನೆಟ್ ನೇರ ಮೂರು ಪಟ್ಟಿಗೆ, ಅಂದರೆ ಮೇಲಿನ ‘ಪ’ಗೆ ಹಾರುವುದು. ಇನ್ನೊಂದು ಲಾಭವೂ ಇದೆ: ಹೆಚ್ಚುಕಡಿಮೆ ಅಷ್ಟೇ ಉದ್ದದ ಪಾಶ್ಚಾತ್ಯ ಕೊಳಲಿಗಿಂತ ಕ್ಲಾರಿನೆಟ್ ಸುಮಾರು ಒಂದು ಸ್ಥಾಯಿ ಕೆಳಗೆ ಇಳಿಯುತ್ತದೆ. ಹಿಗ್ಗುತ್ತಾ ಹೋಗುವ ಕೊಳವೆಯಲ್ಲಿ ಅಲೆ ಮುಂದೆ ಹೋದಂತೆ ಹರಡಿಕೊಂಡು ಒತ್ತಡ ಕಡಿಮೆಯಾಗುತ್ತದೆ. ಅಲ್ಲಿ 1, 2, 3 ಎಲ್ಲವೂ ಹೊಂದುತ್ತವೆ. ಹಾಗಾಗಿ ಬಸೂನ್‌ನ ಮೊದಲ ಹಾರಾಟ ಒಂದು ಸ್ಥಾಯಿಗೆ. ಬೆಲೆ ತೆರಬೇಕಾಗುವುದು ಉದ್ದದಲ್ಲಿ. ಬಸೂನ್‌ನ ಅತಿ ಕೆಳಗಿನ ಸ್ವರ ಸುಮಾರು 58 ಹರ್ಟ್ಸ್. ಸಮ ಅಗಲದ ಕೊಳವೆಯಾಗಿದ್ದರೆ ಇದಕ್ಕೆ ಒಂದೂವರೆ ಮೀಟರ್ ಸಾಕಿತ್ತು.

ರೀಡ್ ಅಲ್ಲ, ಆಕಾರ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ನಮ್ಮಲ್ಲೇ ಇದೆ. ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತರು. ನಾಗಸ್ವರಕ್ಕೆ ಜೋಡಿ ರೀಡ್, ಸ್ಯಾಕ್ಸೋಫೋನ್‌ಗೆ ಕ್ಲಾರಿನೆಟ್‌ನಂತೆ ಒಂಟಿ ರೀಡ್. ಆದರೆ ಎರಡರ ಕೊಳವೆಯೂ ಹಿಗ್ಗುತ್ತಾ ಹೋಗುವಂಥದ್ದು. ಎರಡೂ ‘ಸ’ದಿಂದ ‘ಸ’ಕ್ಕೇ ಹಾರುತ್ತವೆ. ಗಮಕಕ್ಕಾಗಿ ಅವರು ಸ್ಯಾಕ್ಸೋಫೋನನ್ನು ಪಳಗಿಸಬೇಕಾಯಿತು ನಿಜ. ಆದರೆ ಹಾರುವ ಲೆಕ್ಕವನ್ನು ಬೆರಳು ಹೊಸದಾಗಿ ಕಲಿಯಬೇಕಿರಲಿಲ್ಲ. ಕ್ಲಾರಿನೆಟ್‌ನಿಂದ ಬಸೂನ್‌ಗೆ ಬರುವವರಿಗೆ ರೀಡೂ ಬೇರೆ, ಆಕಾರವೂ ಬೇರೆ.

ಹಾಗಂತ ರೀಡ್ ಲೆಕ್ಕಕ್ಕಿಲ್ಲ ಅಂತಲ್ಲ. ಹಿಗ್ಗುತ್ತಾ ಹೋಗುವ ಕೊಳವೆ ಅಂದರೆ ಉದ್ದನೆಯ ಶಂಕು. ನಿಜವಾದ ಶಂಕುವಿಗೆ ಚೂಪು ತುದಿ ಇರಬೇಕು. ಆದರೆ ಊದಲು ಜಾಗ ಬೇಕಲ್ಲ, ಬಸೂನ್‌ನಲ್ಲಿ ಆ ತುದಿ ಕತ್ತರಿಸಿ ಹೋಗಿದೆ. ಅದರ ಬದಲಿಗೆ ನಿಲ್ಲುವುದು ರೀಡ್‌ನ ಒಳಗಿರುವ ಚೂರು ಗಾಳಿ. ಅದು ಕತ್ತರಿಸಿದ ತುದಿಯ ಗಾತ್ರಕ್ಕೆ ಹೊಂದಿದ್ದರೆ ಮಾತ್ರ ಕೆಳಗಿನ ‘ಸ’ಗೂ ಮೇಲಿನ ‘ಸ’ಗೂ ತಾಳೆಯಾಗುತ್ತದೆ. ಕ್ಲಾರಿನೆಟ್‌ನವರು ಎಡವುವುದು ಇಲ್ಲೇ. ಅವರು ಮೇಲಿನ ಹಲ್ಲನ್ನು ನೇರ ವಾದ್ಯದ ಮೇಲಿಟ್ಟು, ಕೆಳದುಟಿಯನ್ನು ಹಲ್ಲಿನ ಮೇಲೆ ಮಡಚಿ, ದವಡೆ ಬಿಗಿ ಹಿಡಿದು ರೂಢಿ. ಅದೇ ಬಿಗಿ ಬಸೂನ್‌ಗೆ ತಂದರೆ ರೀಡ್ ಚಪ್ಪಟೆಯಾಗುತ್ತದೆ, ಒಳಗಿನ ಜಾಗ ಕುಗ್ಗುತ್ತದೆ, ಶ್ರುತಿ ಮೇಲೇರುತ್ತದೆ. ಕೆಳಗಿನ ಸ್ವರಗಳಂತೂ ಬಾಯೇ ಬಿಡುವುದಿಲ್ಲ. ಎರಡೂ ತುಟಿ ಮೆತ್ತಗೆ ಸುತ್ತಿಕೊಂಡು, ದವಡೆ ಸಡಿಲ ಬಿಡಬೇಕು. ಅಂಗಡಿಯ ರೀಡ್ ಹಾಕಿಕೊಂಡು ಸುಮ್ನೆ ಊದುತ್ತಿದ್ದವರು ಈಗ ಚಾಕು ಹಿಡಿದು ರೀಡ್ ಹೆರೆಯುವುದನ್ನೂ ಕಲಿಯಬೇಕು.

ನನ್ನ ಪ್ರಕಾರ ಅತಿ ದೊಡ್ಡ ಪಾಡು ಎಡ ಹೆಬ್ಬೆರಳಿನದು. ಕ್ಲಾರಿನೆಟ್‌ನಲ್ಲಿ ಅದಕ್ಕೆ ಒಂದು ತೂತು, ಒಂದು ಕೀಲಿ, ಅಷ್ಟೇ. ಬಸೂನ್‌ನಲ್ಲಿ ಎಂಟೊಂಬತ್ತು ಕೀಲಿಗಳ ಗುಂಪೇ ಅದರ ಪಾಲಿಗೆ. ಅದರಲ್ಲಿ ಒಂದು ವಿಸ್ಪರ್ ಕೀಲಿ. ಬಾಯಿಯ ಬಳಿಯ ಬಾಗಿದ ಲೋಹದ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ, ಈ ಕೀಲಿ ಮುಚ್ಚುವುದು ಅದನ್ನೇ. ಕೆಳಗಿನ ಸ್ವರಗಳಿಗೆ ಅದನ್ನು ಮುಚ್ಚಿಡಬೇಕು, ಮೇಲಿನ ಬಹಳಷ್ಟು ಸ್ವರಗಳಿಗೆ ತೆರೆಯಬೇಕು. ಒಂದು ಸ್ಥಾಯಿ ಹಾರಿಸುವ ತೂತು ಪ್ರತಿ ಸ್ವರಕ್ಕೂ ಬೇರೆ ಬೇರೆ ಜಾಗದಲ್ಲಿದ್ದರೆ ಚೆನ್ನ. ಆದರೆ ಅಷ್ಟು ತೂತು ಕೊರೆಯೋಕಾಗಲ್ಲ, ಅಲ್ವಾ? ಹಾಗಾಗಿ ಮಧ್ಯದ ಕೆಲವು ಸ್ವರಗಳ ಶುರುವಿನಲ್ಲಿ ಹೆಬ್ಬೆರಳು ಇನ್ನೊಂದು ಕೀಲಿಯನ್ನು ಫಟ್ ಅಂತ ತಟ್ಟಿ ಬಿಡಬೇಕು. ತಟ್ಟದಿದ್ದರೆ ಸ್ವರ ಹುಟ್ಟುವಾಗ ಕೆಳಗಿನ ಸ್ಥಾಯಿಯ ಗೊರಕೆಯೊಂದು ಅಡ್ಡ ಬರುತ್ತದೆ. ತಡವಾಗಿ ತಟ್ಟಿದರೂ ಅದೇ ಕಥೆ. ಎಷ್ಟೋ ವರ್ಷ ಕ್ಲಾರಿನೆಟ್ ಊದಿದವರ ಬೆರಳುಗಳೆಲ್ಲ ಸಲೀಸಾಗಿ ಓಡುತ್ತಿರುವಾಗ, ಈ ಒಂದು ಹೆಬ್ಬೆರಳು ಮಾತ್ರ ಒಂದನೇ ತರಗತಿಯಿಂದ ಶುರುಮಾಡಬೇಕಾಗುತ್ತದೆ.