ಮುಚ್ಚಿಟ್ಟ ದೋಣಿಯೊಳಗೆ ನೀರು ಬರುವ ದಾರಿ

ಚಳಿಗಾಲಕ್ಕೆ ದೋಣಿಯನ್ನು ನೀರಿನಿಂದ ಮೇಲೆತ್ತಿ ಬಯಲಿನಲ್ಲಿ ನಿಲ್ಲಿಸುವವರು ಮೊದಲು ಹುಡುಕುವುದು ದೊಡ್ಡದೊಂದು ಟಾರ್ಪಾಲಿನ್. ಮಳೆ, ಹಿಮ ಯಾವುದೂ ಒಳಗೆ ಇಳಿಯಬಾರದೆಂದು ಅದನ್ನು ಅಂಚಿನಿಂದ ಅಂಚಿಗೆ ಬಿಗಿದು, ಕಿಟಕಿ ಬಾಗಿಲುಗಳನ್ನೆಲ್ಲ ಭದ್ರಪಡಿಸಿ ನಿಶ್ಚಿಂತರಾಗುತ್ತಾರೆ. ವಸಂತದಲ್ಲಿ ಹೊದಿಕೆ ತೆಗೆದಾಗ ಒಂದು ಹನಿ ಮಳೆನೀರೂ ಒಳಗೆ ಸೋರಿರುವುದಿಲ್ಲ. ಆದರೂ ಕ್ಯಾಬಿನ್ನಿನ ಚಾವಣಿಯ ತುಂಬ ಕಪ್ಪು ಚುಕ್ಕೆಗಳು, ಮೆತ್ತೆಗಳ ಅಡಿಯಲ್ಲಿ ಬೂದು ಹಸಿರಿನ ಪದರ, ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಮುಗ್ಗಲು ವಾಸನೆ. ಇಷ್ಟೊಂದು ಬೂಷ್ಟು ಬೆಳೆಯಲು ಬೇಕಾದ ನೀರು ಎಲ್ಲಿಂದ ಬಂತು? ಅದು ಹೊರಗಿನಿಂದ ಬರಲೇಬೇಕಾಗಿರಲಿಲ್ಲ. ಒಳಗಿನ ಗಾಳಿಯಲ್ಲಿ, ಅರೆ ಒಣಗಿದ ಹಗ್ಗದಲ್ಲಿ, ಮೆತ್ತೆಯ ಫೋಮಿನಲ್ಲಿ, ದೋಣಿಯ ತಳದಲ್ಲಿ ನಿಂತ ಚೂರು ನೀರಿನಲ್ಲಿ ಅದು ಮೊದಲೇ ಇತ್ತು. ಬಿಗಿಯಾದ ಹೊದಿಕೆ ಅದಕ್ಕೆ ಹೊರಹೋಗುವ ದಾರಿಯನ್ನು ಮುಚ್ಚಿತು, ಅಷ್ಟೇ.

ಗಾಳಿ ಬೆಚ್ಚಗಿದ್ದಷ್ಟೂ ಅದರಲ್ಲಿ ಹೆಚ್ಚು ನೀರಾವಿ ಇರಬಲ್ಲದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 10 ಡಿಗ್ರಿಯಲ್ಲಿ 9 ಗ್ರಾಂನಷ್ಟು, ಸೊನ್ನೆಯಲ್ಲಿ 5 ಗ್ರಾಂಗಿಂತ ಕಡಿಮೆ. ಚಳಿಗಾಲದ ಬಿಸಿಲಿಗೂ ಮುಚ್ಚಿದ ಕ್ಯಾಬಿನ್ ಮಧ್ಯಾಹ್ನದ ಹೊತ್ತಿಗೆ 20 ಡಿಗ್ರಿಗೆ ಏರಬಹುದು. ಆಗ ತೇವವಿರುವ ಬಟ್ಟೆ, ಮರ, ಫೋಮು ಎಲ್ಲವೂ ಆವಿ ಬಿಡುತ್ತವೆ. ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣಾಂಶದಲ್ಲಿ ಗಾಳಿ ಹಿಡಿಯಬಲ್ಲ ಆವಿಯಲ್ಲಿ ನಿಜಕ್ಕೂ ಇರುವ ಪಾಲು, ಶೇಕಡ 60 ಇದ್ದರೂ ಪ್ರತಿ ಘನ ಮೀಟರಿನಲ್ಲಿ 10 ಗ್ರಾಂ ನೀರು ಗಾಳಿಯಲ್ಲಿರುತ್ತದೆ. ರಾತ್ರಿ ಉಷ್ಣಾಂಶ ಸೊನ್ನೆಗೆ ಇಳಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಎಲ್ಲಾದರೂ ಹನಿಗಟ್ಟಲೇಬೇಕು. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ, ಕ್ಯಾಬಿನ್ನಿನ ಚಾವಣಿ ಒಳಗಿನಿಂದ ಬೆವರುತ್ತದೆ. ಹತ್ತು ಘನ ಮೀಟರಿನ ಸಣ್ಣ ಕ್ಯಾಬಿನ್ನಿನಲ್ಲಿ ಇದು ರಾತ್ರಿಗೆ 50 ಗ್ರಾಂ ಆದೀತು. ಕಡಿಮೆಯೆನಿಸಬಹುದು. ಆದರೆ ಅದೇ ನೀರು ಮರುದಿನ ಬಿಸಿಲಿಗೆ ಆವಿಯಾಗಿ, ಮತ್ತೆ ರಾತ್ರಿ ಅದೇ ತಣ್ಣನೆಯ ಮೂಲೆಗಳಲ್ಲಿ ಹನಿಯಾಗುತ್ತದೆ. ತಿಂಗಳುಗಟ್ಟಲೆ ನಡೆಯುವ ಈ ಸುತ್ತಾಟಕ್ಕೆ ಹೊಸ ನೀರಿನ ಅಗತ್ಯವೇ ಇಲ್ಲ.

ದೋಣಿ ಬಯಲಿನಲ್ಲಿರುವುದು ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮೋಡವಿಲ್ಲದ ರಾತ್ರಿ ಆಕಾಶಕ್ಕೆ ಮುಖ ಮಾಡಿರುವ ಮೇಲ್ಮೈಗಳು ತಮ್ಮ ಶಾಖವನ್ನು ವಿಕಿರಣವಾಗಿ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. 1814ರಲ್ಲಿ ಇಬ್ಬನಿಯ ಕುರಿತ ಪ್ರಬಂಧವನ್ನು ಪ್ರಕಟಿಸಿದ ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಇದನ್ನು ಸರಳವಾಗಿ ತೋರಿಸಿಕೊಟ್ಟಿದ್ದರು. ಕಾಲುಗಳ ಮೇಲೆ ನಿಲ್ಲಿಸಿದ ಹಲಗೆಯೊಂದರ ಮೇಲೆ ಒಂದು ಹಿಡಿ ಉಣ್ಣೆ, ಕೆಳಗೆ ಅಷ್ಟೇ ತೂಕದ ಇನ್ನೊಂದು ಹಿಡಿ. ಬೆಳಿಗ್ಗೆ ತೂಗಿ ನೋಡಿದರೆ ಆಕಾಶ ಕಂಡ ಉಣ್ಣೆ ಬಹಳ ಹೆಚ್ಚು ಇಬ್ಬನಿ ಹೀರಿರುತ್ತಿತ್ತು. ದೋಣಿಯ ಹೊದಿಕೆಯ ನಿಜವಾದ ಬೆಲೆ ತಿಳಿಯುವುದು ಇಲ್ಲಿಯೇ. ದೋಣಿಯ ಮೇಲ್ತಟ್ಟಾದ ಡೆಕ್ಕಿಗೆ ತಾಗದಂತೆ, ನಡುವೆ ಗಾಳಿಯಾಡುವಂತೆ ಎತ್ತರದಲ್ಲಿ ಕಟ್ಟಿದ ಹೊದಿಕೆ ಆ ರಾತ್ರಿಯ ಚಳಿಯನ್ನು ತಾನು ತೆಗೆದುಕೊಳ್ಳುತ್ತದೆ. ಹನಿಗಳು ಅದರ ಒಳಮೈಯಲ್ಲಿ ಕಟ್ಟಿ, ಜಾರಿ ಹೊರಗೆ ಬೀಳುತ್ತವೆ. ಡೆಕ್ಕಿಗೆ ಅಂಟಿಕೊಂಡ ಹೊದಿಕೆಯಾದರೆ ತನ್ನ ತಂಪನ್ನು ನೇರ ಡೆಕ್ಕಿಗೇ ದಾಟಿಸುತ್ತದೆ, ಹನಿಗಳು ಕ್ಯಾಬಿನ್ನಿನೊಳಗೆ ಕಟ್ಟುತ್ತವೆ.

ಇನ್ನು ಬೂಷ್ಟಿನ ವಿಷಯ. ಅದರ ಬೀಜಕಗಳು ಬಹುಪಾಲು 2ರಿಂದ 10 ಮೈಕ್ರಾನ್ ಗಾತ್ರದವು. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ಗಾಳಿ ಇರುವಲ್ಲೆಲ್ಲ ಅವು ಇರುತ್ತವೆ. ಅವನ್ನು ದೋಣಿಯಿಂದ ಹೊರಗಿಡುತ್ತೇವೆ ಎನ್ನುವುದು ಆಗದ ಮಾತು. ಚಳಿಗೆ ಅವು ಸಾಯುತ್ತವೆ ಎಂಬ ನಂಬಿಕೆಯೂ ಸರಿಯಲ್ಲ. ಸೊನ್ನೆ ಡಿಗ್ರಿಯ ಹತ್ತಿರ ಬೆಳವಣಿಗೆ ನಿಧಾನವಾಗುತ್ತದೆ, ಆದರೆ ಕ್ಲ್ಯಾಡೋಸ್ಪೋರಿಯಂನಂಥ ಕೆಲವು ಶಿಲೀಂಧ್ರಗಳು ಸೊನ್ನೆಗಿಂತ ತುಸು ಕೆಳಗೂ ತೆವಳುತ್ತ ಬೆಳೆಯಬಲ್ಲವು. ಉಳಿದವು ಕಾಯುತ್ತವೆ. ಹೆಚ್ಚಿನ ಹಾನಿಯಾಗುವುದು ಚಳಿಗಾಲದ ನಟ್ಟನಡುವೆ ಅಲ್ಲ, ಅದರ ಎರಡು ತುದಿಗಳಲ್ಲಿ: ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ ಇರುವ ವಾರಗಳಲ್ಲಿ.

ದೋಣಿಯ ಮೈ ಕಟ್ಟಿರುವ ಫೈಬರ್‌ಗ್ಲಾಸ್ ಬೂಷ್ಟಿಗೆ ಆಹಾರವಲ್ಲ. ಅದರ ಮೇಲಿನ ಕೊಳೆ ಆಹಾರ. ಮೈಯ ಎಣ್ಣೆ, ಉದುರಿದ ಚರ್ಮದ ಹೊಟ್ಟು, ಸನ್‌ಸ್ಕ್ರೀನ್ ಲೇಪ, ತಿಂಡಿಯ ಪುಡಿ, ಸರಿಯಾಗಿ ತೊಳೆಯದೆ ಬಿಟ್ಟ ಸೋಪು, ಇಷ್ಟಿದ್ದರೆ ಸಾಕು. ಮೇಲ್ಮೈಗೆ ತಾಗಿದ ಗಾಳಿಯ ಆರ್ದ್ರತೆ ಶೇಕಡ 80 ದಾಟಿದರೆ ಹೆಚ್ಚಿನ ಬೂಷ್ಟುಗಳು ಹಬ್ಬುತ್ತವೆ. ಶೇಕಡ 60ಕ್ಕಿಂತ ಕೆಳಗಿಟ್ಟರೆ ಭಯವಿಲ್ಲ. ‘ಮೇಲ್ಮೈಗೆ ತಾಗಿದ’ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಕ್ಯಾಬಿನ್ನಿನ ನಡುವೆ ತೂಗುಹಾಕಿದ ಆರ್ದ್ರತಾ ಮಾಪಕ 10 ಡಿಗ್ರಿಯಲ್ಲಿ ಶೇಕಡ 60 ತೋರಿಸುತ್ತಿದೆ ಎಂದುಕೊಳ್ಳಿ. ಅದೇ ಗಾಳಿ, ದೋಣಿಯ ಗೋಡೆಗೆ ಒರಗಿದ ಮೆತ್ತೆಯ ಹಿಂದೆ ನುಸುಳಿ 3 ಡಿಗ್ರಿಗೆ ತಣ್ಣಗಾದರೆ ಅಲ್ಲಿನ ಆರ್ದ್ರತೆ ಶೇಕಡ 90 ಮೀರಿರುತ್ತದೆ. ಬೂಷ್ಟು ಮೊದಲು ಕಾಣಿಸಿಕೊಳ್ಳುವುದು ಯಾವಾಗಲೂ ಇಂಥ ಸಂದಿಗಳಲ್ಲೇ: ಮೆತ್ತೆಯ ಬೆನ್ನಿಗೆ, ಮುಚ್ಚಿದ ಕಪಾಟಿನ ಒಳಮೂಲೆಗೆ, ಡ್ರಾಯರಿನ ಅಡಿಗೆ.

ಸಮುದ್ರದಲ್ಲಿ ಓಡಾಡಿದ ದೋಣಿಗೆ ಇನ್ನೊಂದು ಸಂಕಟವಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೀರು ಆರಿದರೂ ಲವಣ ಬಟ್ಟೆಯಲ್ಲಿ, ಹಗ್ಗದ ಎಳೆಗಳಲ್ಲಿ ಉಳಿಯುತ್ತದೆ. ಅಡುಗೆ ಉಪ್ಪು ಶೇಕಡ 75ರ ಆರ್ದ್ರತೆಯಲ್ಲಿ ಗಾಳಿಯ ತೇವ ಹೀರಿ ತಾನೇ ನೀರಾಗುತ್ತದೆ. ಸಮುದ್ರದ ಲವಣದಲ್ಲಿರುವ ಮೆಗ್ನೀಶಿಯಂ ಕ್ಲೋರೈಡ್‌ಗೆ ಶೇಕಡ 33 ಸಾಕು. ಅಂದರೆ ಉಪ್ಪು ಕೂತ ಮೆತ್ತೆ ಎಷ್ಟೇ ಬಿಸಿಲಿಗೆ ಹಾಕಿದರೂ ನಿಜವಾಗಿ ಒಣಗುವುದೇ ಇಲ್ಲ. ಸಂಜೆಯಾದೊಡನೆ ಮತ್ತೆ ಹಸಿಯಾಗುತ್ತದೆ. ಮೊದಲು ಸಿಹಿನೀರಿನಲ್ಲಿ ಜಾಲಾಡಿಸಿ ಉಪ್ಪು ತೆಗೆಯಬೇಕು, ಆಮೇಲೆ ಒಣಗಿಸಬೇಕು. ಈ ಕ್ರಮ ತಪ್ಪಿದರೆ ಮಾಡಿದ ಶ್ರಮವೆಲ್ಲ ವ್ಯರ್ಥ.

ಹೀಗಾಗಿ ಕೆಲಸದ ಮುಕ್ಕಾಲು ಪಾಲು ಹೊದಿಕೆ ಹಾಕುವ ಮುನ್ನವೇ ಮುಗಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೆತ್ತೆ, ಹಾಸಿಗೆ, ಲೈಫ್ ಜಾಕೆಟ್, ಹಾಯಿ, ಪುಸ್ತಕ, ನಕ್ಷೆ, ಹೊರಗೆ ತರಬಹುದಾದದ್ದನ್ನೆಲ್ಲ ತಂದು ಒಣ ಕೋಣೆಯಲ್ಲಿಡಿ. ತರಲಾಗದ ಮೆತ್ತೆಗಳನ್ನು ಗೋಡೆಗೆ ತಾಗದಂತೆ ಅಂಚಿನ ಮೇಲೆ ನಿಲ್ಲಿಸಿ. ಒಳಗಿನ ಎಲ್ಲ ಮೇಲ್ಮೈಗಳನ್ನೂ ಸೋಪಿನ ನೀರಿನಿಂದ ಒರೆಸಿ, ಸೋಪಿನಂಶ ಉಳಿಯದಂತೆ ಮತ್ತೆ ಒರೆಸಿ, ಪೂರ್ತಿ ಆರಲು ಬಿಡಿ. ಕಪಾಟು, ಡ್ರಾಯರು, ನೆಲದ ಹಲಗೆ, ಫ್ರಿಜ್ಜಿನ ಬಾಗಿಲು, ಎಲ್ಲವೂ ತೆರೆದಿರಲಿ. ತಳದಲ್ಲಿ ನಿಂತ ನೀರನ್ನು ಸ್ಪಂಜಿನಿಂದ ಕೊನೆಯ ಹನಿಯವರೆಗೂ ತೆಗೆಯಿರಿ. ಟ್ರೇಲರ್ ಮೇಲಿರುವ ದೋಣಿಯಾದರೆ ಮುಂತುದಿಯನ್ನು ತುಸು ಎತ್ತರಿಸಿ, ಹಿಂಬದಿಯ ಬಿರಡೆ ತೆಗೆದಿಟ್ಟರೆ ಒಳಸೇರಿದ ನೀರು ತಾನಾಗಿ ಹರಿದುಹೋಗುತ್ತದೆ. ಡೆಕ್ಕಿನ ನೀರು ಹೋಗುವ ಕಿಂಡಿಗಳಲ್ಲಿ ಒಣ ಎಲೆ ಕಟ್ಟಿಕೊಂಡಿಲ್ಲವೆಂದು ನೋಡಿಕೊಳ್ಳಿ.

ಹೊದಿಕೆ ಡೇರೆಯ ಆಕಾರದಲ್ಲಿರಬೇಕು: ನಡುವೆ ಎತ್ತರದ ತೊಲೆ, ಎರಡೂ ಕಡೆ ಹಿಮ ಜಾರುವಷ್ಟು ಇಳಿಜಾರು, ಅಂಚುಗಳು ದೋಣಿಯ ಬದಿಯಿಂದ ಸ್ವಲ್ಪ ದೂರ. ಗಾಳಿಗೆ ಒಳಬರಲು ಒಂದು ದಾರಿ, ಹೋಗಲು ಇನ್ನೊಂದು, ಎರಡೂ ಬೇಕು. ಒಂದು ಕೆಳಗೆ, ಒಂದು ಮೇಲೆ ಇದ್ದರೆ ಉತ್ತಮ. ಆವಿಯನ್ನು ಹೊರಬಿಡುವ ದಪ್ಪ ಕ್ಯಾನ್ವಾಸ್ ಒಳ್ಳೆಯದು. ಬಿಸಿಗೆ ಕುಗ್ಗಿ ಮೈಗೆ ಬಿಗಿಯಾಗಿ ಕೂರುವ ಪಾಲಿಥೀನ್ ಹಾಳೆ ಬಳಸುವುದಾದರೆ ಅದಕ್ಕೆ ಗಾಳಿಕಿಂಡಿಗಳನ್ನು ಕೂರಿಸಲೇಬೇಕು, ಏಕೆಂದರೆ ಅದರ ಮೂಲಕ ಆವಿ ದಾಟುವುದೇ ಇಲ್ಲವೆನ್ನಬಹುದು.

ಇಲ್ಲೊಂದು ಆಯ್ಕೆ ಎದುರಾಗುತ್ತದೆ. ಒಂದೋ ಗಾಳಿಯಾಡಲು ಬಿಡಬೇಕು, ಇಲ್ಲವೇ ಮುಚ್ಚಿ ಒಳಗಿನ ಗಾಳಿಯನ್ನು ಯಂತ್ರದಿಂದ ಒಣಗಿಸಬೇಕು. ಎರಡನ್ನೂ ಬೆರೆಸಿದರೆ ಯಂತ್ರ ಇಡೀ ಬಯಲಿನ ಗಾಳಿಯನ್ನು ಒಣಗಿಸಲು ಹೆಣಗುತ್ತದೆ. ವಿದ್ಯುತ್ ಸಂಪರ್ಕವಿಲ್ಲದ ಕಡೆ ಗಾಳಿಯಾಡಲು ಬಿಡುವುದೇ ದಾರಿ, ಮತ್ತು ಹೆಚ್ಚಿನ ದೋಣಿಗಳಿಗೆ ಅದೇ ಸಾಕು. ಯಂತ್ರ ಇಡುವುದಾದರೆ ಒಂದು ಎಚ್ಚರ: ತಣ್ಣನೆಯ ಸುರುಳಿಯ ಮೇಲೆ ತೇವವನ್ನು ಹನಿಗಟ್ಟಿಸುವ ಸಾಮಾನ್ಯ ಡಿಹ್ಯುಮಿಡಿಫೈಯರ್ ಚಳಿಯಲ್ಲಿ ಸೋಲುತ್ತದೆ, ಸುರುಳಿಯ ಮೇಲೆ ಹಿಮ ಕಟ್ಟುತ್ತದೆ. ತೇವ ಹೀರುವ ರಾಸಾಯನಿಕ ಲೇಪಿಸಿದ ಚಕ್ರ ತಿರುಗುವ ಬಗೆಯದು ಸೊನ್ನೆಯ ಹತ್ತಿರವೂ ಕೆಲಸ ಮಾಡುತ್ತದೆ.

ತೂಗುಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳ ಮೇಲೆ ಜನರಿಗೆ ವಿಪರೀತ ನಂಬಿಕೆ. ಮುಚ್ಚಿದ ಒಂದು ಸಣ್ಣ ಕಪಾಟಿಗೆ ಅವು ಸರಿ. ಗಾಳಿಯಾಡುವ ದೋಣಿಯಲ್ಲಿ ಅವುಗಳ ಶಕ್ತಿ ಬೇಗನೆ ಮುಗಿದು, ತುಂಬಿದ ಚೀಲ ತುಳುಕಿದರೆ ಆ ಉಪ್ಪುನೀರು ಲೋಹವನ್ನೂ ವಿದ್ಯುತ್ ತಂತಿಯ ತುದಿಗಳನ್ನೂ ತಿಂದುಹಾಕುತ್ತದೆ. ಅನಿಲದ ಒಲೆ ಹಚ್ಚಿ ಒಳಗನ್ನು ಬೆಚ್ಚಗಿಡುವ ಯೋಚನೆಯಂತೂ ಬೇಡವೇ ಬೇಡ. ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋ ನೀರಾವಿ ಹುಟ್ಟುತ್ತದೆ. ಒಣಗಿಸಲು ಹೊರಟವರು ಕ್ಯಾಬಿನ್ನಿಗೆ ನೀರು ಸುರಿದಂತೆ. ಕಾರ್ಬನ್ ಮಾನಾಕ್ಸೈಡ್‌ನಿಂದ ಪ್ರಾಣಕ್ಕೇ ಅಪಾಯ. ಯಾರೂ ಇಲ್ಲದಾಗ ಯಾವ ಹೀಟರನ್ನೂ ಹೊದಿಕೆಯ ಕೆಳಗೆ ಉರಿಸಿ ಬಿಡಬಾರದು.

ಗಾಳಿಯಿಲ್ಲದ ದೋಣಿಯ ಗತಿ ಏನಾಗುತ್ತದೆಂದು ತಿಳಿದವರಲ್ಲಿ ಇಂಗ್ಲೆಂಡಿನ ನೌಕಾಪಡೆಯ ಆಡಳಿತಗಾರ ಸ್ಯಾಮ್ಯುಯೆಲ್ ಪೀಪ್ಸ್ ಒಬ್ಬರು. 1680ರ ದಶಕದಲ್ಲಿ ಬಂದರಿನಲ್ಲಿ ಕೆಲಸವಿಲ್ಲದೆ ನಿಂತಿದ್ದ ಯುದ್ಧನೌಕೆಗಳ ಒಡಲಿನಿಂದ ಅವರು ತಮ್ಮ ಮುಷ್ಟಿ ಗಾತ್ರದ ಅಣಬೆಗಳನ್ನು ಕೈಯಾರೆ ಕಿತ್ತು ತೆಗೆದಿದ್ದರು. ಅವು ಹಳೆಯ ಹಡಗುಗಳಲ್ಲ, ಸಾಕಷ್ಟು ಹೊಸವು. ಒಡಲನ್ನು ಶುಚಿಮಾಡಿರಲಿಲ್ಲ, ಗಾಳಿಯಾಡಿಸಿರಲಿಲ್ಲ. ಮರದ ದೋಣಿ ಇರುವವರಿಗೆ ಇಂದಿಗೂ ಇದೇ ಭೀತಿ. ಮರದ ತೇವಾಂಶ ಶೇಕಡ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಹೊಸದಾಗಿ ಬೇರೂರುವುದಿಲ್ಲ. ಮರಕ್ಕೆ ಸಮುದ್ರದ ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ಹೆಚ್ಚು ಕೇಡು, ಏಕೆಂದರೆ ಉಪ್ಪು ಈ ಶಿಲೀಂಧ್ರಗಳಿಗೆ ಆಗದು; ಹಿಂದಿನ ಹಡಗು ಕಟ್ಟುವವರು ಹಡಗಿನ ಪಕ್ಕೆಲುಬಿನಂಥ ಮರದ ತೊಲೆಗಳ ನಡುವೆ ಕಲ್ಲುಪ್ಪು ತುಂಬುತ್ತಿದ್ದುದೂ ಇದಕ್ಕಾಗಿಯೇ.

ಇಷ್ಟಾಗಿಯೂ ಬೂಷ್ಟು ಬಂದರೆ ಒಣಗಿದ ಬ್ರಷ್ಷಿನಿಂದ ಉಜ್ಜಬೇಡಿ, ಬೀಜಕಗಳು ಎಲ್ಲೆಡೆ ಹಾರುತ್ತವೆ. ಮಾಸ್ಕ್ ಹಾಕಿಕೊಂಡು, ಬಾಗಿಲು ತೆರೆದಿಟ್ಟು, ಸೋಪಿನ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ಬ್ಲೀಚ್ ಕಲೆಯನ್ನು ಬಿಳಿಯಾಗಿಸುತ್ತದೆ ನಿಜ, ಆದರೆ ಮೆತ್ತೆಯ ಹೊಲಿಗೆಯನ್ನೂ ವಿನೈಲನ್ನೂ ಸವೆಸುತ್ತದೆ. ಅದನ್ನು ಅಮೋನಿಯಾ ಅಥವಾ ವಿನೆಗರ್ ಜೊತೆ ಬೆರೆಸಿದರೆ ವಿಷಾನಿಲ ಏಳುತ್ತದೆ. ವಿನೈಲ್ ಮೆತ್ತೆಯ ಮೇಲೆ ಕಾಣುವ ಗುಲಾಬಿ ಕಲೆಗೆ ಮಾತ್ರ ಯಾವ ಉಜ್ಜುವಿಕೆಯೂ ಫಲ ಕೊಡದು. ಅದನ್ನು ಉಂಟುಮಾಡುವ ಸೂಕ್ಷ್ಮಜೀವಿ ಇರುವುದು ಹೊರಗಲ್ಲ, ಒಳಗಿನ ಒದ್ದೆ ಫೋಮಿನಲ್ಲಿ, ವಿನೈಲಿನ ಬೆನ್ನಿಗೆ. ಅದರ ಬಣ್ಣ ವಿನೈಲಿನ ಮೂಲಕ ಜಿನುಗಿ ಮೇಲೆ ಬಂದಿರುತ್ತದೆ. ಅಂಥ ಮೆತ್ತೆಯ ಹೊದಿಕೆಯನ್ನು ಬಿಚ್ಚಿ, ಫೋಮನ್ನು ಎಸೆದು, ಎರಡನ್ನೂ ಹೊಸದಾಗಿ ಮಾಡಿಸುವುದೊಂದೇ ಉಪಾಯ.